ಛಾಪಾ ಕಾಗದದಲ್ಲಿ ಡೈವೋರ್ಸ್ ಆಗಲ್ಲ, ಠಾಣೆ ಮುಚ್ಚಳಿಕೆಯಿಂದ ಕೇಸು ಮುಗಿಯಲ್ಲ

ಸಂಪಾದಕರಿಗೆ ನಮಸ್ಕಾರ.

ಪತ್ರ ಸ್ವಲ್ಪ ಉದ್ದ ಆಗಿದೆ, ಆದ್ರೂ ಕತ್ತರಿಸದೆ ಹಾಕಿ ಅಂತ ಕೇಳ್ಕೊತೀನಿ, ಯಾಕಂದ್ರೆ ಈ ವಿಷಯ ಅರ್ಧಂಬರ್ಧ ತಿಳ್ಕೊಂಡೇ ನಮ್ಮ ಜನ ಕಷ್ಟಕ್ಕೆ ಬೀಳ್ತಿರೋದು. ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕಲ್ಲಿ ಕಾನೂನು ಸೇವಾ ಸಮಿತಿ ಕಡೆಯಿಂದ ಪ್ಯಾರಾ ಲೀಗಲ್ ವಾಲಂಟಿಯರ್ ಆಗಿದೀನಿ. ಲಾಯರ್ ಅಲ್ಲ. ಕೋರ್ಟ್ ಕಾಂಪೌಂಡಲ್ಲಿ ಕೂತು ಬಂದೋರ ಕಷ್ಟ ಕೇಳೋದು, ಯಾವ ಅರ್ಜಿ ಯಾವ ಆಫೀಸಿಗೆ ಕೊಡಬೇಕು ಅಂತ ಹೇಳೋದು, ವಕೀಲರನ್ನ ಇಟ್ಕೊಳ್ಳೋ ಶಕ್ತಿ ಇಲ್ಲದೋರಿಗೆ ಸಮಿತಿಗೆ ಅರ್ಜಿ ಬರೆದುಕೊಡೋದು, ಇಷ್ಟು ನಮ್ಮ ಕೆಲಸ. ಟಿವಿಲಿ ಬರೋ ದೊಡ್ಡೋರ ಡೈವೋರ್ಸು, ದೊಡ್ಡೋರ ಬೇಲು ಇದರ ಬಗ್ಗೆ ನಾನು ಬರೀತಿಲ್ಲ. ಕೂಲಿ ಮಾಡೋರು, ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಕಳು, ಟೆಂಪೋ ಓಡಿಸೋ ಹುಡುಗರು, ಇವರ ಮನೆ ಜಗಳ ಕಾನೂನಿನ ಕೈಗೆ ಸಿಕ್ಕಾಗ ಏನಾಗುತ್ತೆ ಅನ್ನೋದರ ಬಗ್ಗೆ ಬರೀತಿದೀನಿ.

ನಮ್ಮ ಕಡೆ ಸಂಸಾರ ಮುರಿದುಬಿದ್ರೆ ಜನ ಎರಡು ಕಡೆ ಹೋಗಿ ಮುಗಿಸ್ಕೊಂಡು ಬರ್ತಾರೆ. ಒಂದು ನೋಟರಿ ಹತ್ರ, ಇನ್ನೊಂದು ಪೊಲೀಸ್ ಠಾಣೇಲಿ. ಎರಡು ಕಡೆನೂ ಕಾನೂನಿನ ಪ್ರಕಾರ ಏನೂ ಮುಗಿದಿರಲ್ಲ, ಮುಗೀತು ಅಂತ ಇವರು ಅಂದ್ಕೊಂಡಿರ್ತಾರೆ ಅಷ್ಟೆ. ವರ್ಷಗಳಾದ್ಮೇಲೆ ಅದೇ ಕಾಗದ ಕೋರ್ಟಲ್ಲಿ ಎದುರಿಗೆ ಬಂದು ನಿಲ್ಲುತ್ತೆ, ಆಗ ಇಬ್ಬರ ಕೈಲೂ ಏನೂ ಉಳಿದಿರಲ್ಲ.

ಆ ನೋಟರಿ ಕಾಗದ ಹೇಗಿರುತ್ತೆ ಅಂತ ಮೊದಲು ಹೇಳ್ತೀನಿ, ನೋಡದೇ ಇರೋರಿಗೆ ಗೊತ್ತಾಗ್ಲಿ. ನೂರೋ ಇನ್ನೂರೋ ರೂಪಾಯಿ ಇ-ಸ್ಟಾಂಪ್ ಪೇಪರು. ಮೇಲ್ಗಡೆ ದಪ್ಪ ಅಕ್ಷರದಲ್ಲಿ "ವಿಚ್ಛೇದನ ಪತ್ರ" ಅಂತಲೋ "ವಿವಾಹ ವಿಮೋಚನಾ ಕರಾರು" ಅಂತಲೋ ಇರುತ್ತೆ. ಒಳಗೆ "ನಾವಿಬ್ಬರೂ ಹೊಂದಾಣಿಕೆಯಾಗದ ಕಾರಣ, ಯಾರ ಬಲವಂತವೂ ಇಲ್ಲದೆ ಸ್ವಇಚ್ಛೆಯಿಂದ, ಈ ದಿನದಿಂದ ಗಂಡ ಹೆಂಡತಿ ಸಂಬಂಧವನ್ನು ಕಡಿದುಕೊಂಡಿರುತ್ತೇವೆ, ಯಾರು ಬೇಕಾದರೂ ಬೇರೆ ಮದುವೆಯಾಗಬಹುದು, ಮುಂದೆ ಜೀವನಾಂಶವಾಗಲಿ ಆಸ್ತಿಯಲ್ಲಿ ಭಾಗವಾಗಲಿ ಕೇಳತಕ್ಕದ್ದಲ್ಲ" ಅಂತ ಬರೆದಿರುತ್ತೆ. ಕೆಳಗೆ ಎರಡು ಕಡೆ ಊರಿನ ಯಜಮಾನರ ರುಜು, ಹೆಣ್ಣಿನ ಹೆಬ್ಬೆಟ್ಟು ಇಲ್ಲಾ ವಾರೆಕೋರೆ ರುಜು, ಬಿಕ್ಕಲಂ ಅಂತ ಟೈಪ್ ಮಾಡಿದೋರ ಹೆಸರು, ಅದರ ಮೇಲೆ ನೋಟರಿಯ ಕೆಂಪು ಸೀಲು. ಆ ಸೀಲು ನೋಡಿದ್ರೆ ಯಾರಿಗಾದ್ರೂ ಇದು ಸರ್ಕಾರದ ಕಾಗದ ಅನ್ಸುತ್ತೆ. ಹೆಣ್ಮಕ್ಕಳು ಅದನ್ನ ಪ್ಲಾಸ್ಟಿಕ್ ಕವರಲ್ಲಿ ರೇಷನ್ ಕಾರ್ಡು ಆಧಾರ್ ಕಾರ್ಡು ಜೊತೆ ಜೋಪಾನವಾಗಿ ಇಟ್ಕೊಂಡು ನನ್ನ ಟೇಬಲ್ ಮುಂದೆ ತಂದು ಬಿಚ್ತಾರೆ, "ಡೈವೋರ್ಸ್ ಆಗಿದೆ ಮೇಡಂ, ನೋಡಿ ಇಲ್ಲಿ" ಅಂತ. ಅದಕ್ಕೆ ಕೋರ್ಟಲ್ಲಿ ಬೆಲೆ ಇಲ್ಲಮ್ಮ ಅಂತ ಹೇಳೋ ಹೊತ್ತಿಗೆ ಅವರ ಮುಖ ನೋಡಕ್ಕಾಗಲ್ಲ.

ಹಿಂದೂ ವಿವಾಹ ಕಾಯ್ದೆ ಬಂದಿದ್ದು 1955ರಲ್ಲಿ. ಅದರ ಪ್ರಕಾರ ಮದುವೆ ಮುರಿಯೋ ಅಧಿಕಾರ ಇರೋದು ಕೋರ್ಟಿಗೆ. ಕೆಲವು ಸಮುದಾಯಗಳಲ್ಲಿ ಹಿಂದಿಂದಲೂ ಬಂದಿರೋ ಬಿಡುಗಡೆ ಪದ್ಧತಿ ಇದೆ, ಅದನ್ನ ಕಾಯ್ದೆಯ 29ನೇ ಕಲಂ ಉಳಿಸಿದೆ ನಿಜ, ಆದ್ರೆ ನಮ್ಮಲ್ಲಿ ಆ ಪದ್ಧತಿ ಇದೆ, ತಲೆಮಾರುಗಳಿಂದ ನಡ್ಕೊಂಡು ಬಂದಿದೆ ಅಂತ ಸಾಕ್ಷಿ ಸಮೇತ ಕೋರ್ಟಲ್ಲಿ ಸಾಬೀತು ಮಾಡಬೇಕು, ಅದು ಸುಲಭದ ಮಾತಲ್ಲ, ಊರಿನ ನಾಲ್ಕು ಜನ ಹೌದು ಅಂದ್ರೆ ಆಗಲ್ಲ. ನೋಟರಿಗೆ ಮದುವೆ ಮಾಡಿಸೋಕೂ ಅಧಿಕಾರ ಇಲ್ಲ, ಮುರಿಸೋಕೂ ಇಲ್ಲ. ಇದನ್ನೇ ಕೇಂದ್ರ ಕಾನೂನು ಇಲಾಖೆ 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿ ಎಲ್ಲಾ ನೋಟರಿಗಳಿಗೂ ಹೇಳಿದೆ. ಆದ್ರೂ ನಮ್ಮ ಕಡೆ ಈ ಕಾಗದಗಳು ನಿಂತಿಲ್ಲ. ಸುತ್ತೋಲೆ ಇಂಗ್ಲಿಷಲ್ಲಿ ಬಂತು, ಕಡತಕ್ಕೆ ಸೇರ್ತು, ಹಳ್ಳಿಯಿಂದ ಬರೋ ಅಪ್ಪ ಅಮ್ಮನ ಕಿವಿಗೆ ಬಿದ್ದೇ ಇಲ್ಲ.

ಇದರಿಂದ ಏನಾಗುತ್ತೆ ಅಂತ ಒಂದು ಸಂಸಾರದ ಕಥೆ ಹೇಳ್ತೀನಿ, ಊರು ಹೆಸರು ಬೇಡ. ಮದುವೆಯಾಗಿ ಎರಡನೇ ವರ್ಷಕ್ಕೆ ಹೊಂದಲ್ಲ ಅಂತ ಹೆಣ್ಣು ತವರಿಗೆ ಬಂದ್ಲು, ಯಜಮಾನರು ಸೇರಿ ಪಂಚಾಯ್ತಿ ಮಾಡಿದ್ರು, ಕೊಟ್ಟ ಒಡವೆ ವಾಪಸ್ಸು ಜೊತೆಗೆ ಒಂದೂವರೆ ಲಕ್ಷ ಅಂತ ತೀರ್ಮಾನ ಆಯ್ತು, ಕಾಗದ ಆಯ್ತು. ಹುಡುಗ ಮುಂದಿನ ವರ್ಷವೇ ಬೇರೆ ಮದುವೆ ಆದ. ಈ ಹೆಣ್ಣಿಗೂ ಅಪ್ಪ ಅಮ್ಮ ಇನ್ನೊಂದು ಕಡೆ ನೋಡಿ ಮದುವೆ ಮಾಡಿದ್ರು, ಮಗು ಆಯ್ತು. ಎಲ್ಲಾ ಸರಿ ಇತ್ತು. ಆಮೇಲೆ ಎರಡನೇ ಗಂಡ ಕುಡಿಯೋಕೆ ಶುರು ಮಾಡಿ ಹೊಡೆದು ಮನೆಯಿಂದ ಆಚೆ ಹಾಕಿದ. ಇವಳು ಜೀವನಾಂಶಕ್ಕೆ ಅರ್ಜಿ ಹಾಕಿದ ತಕ್ಷಣ ಅವನ ಕಡೆಯ ವಕೀಲರು ಎದ್ದು ನಿಂತು "ಈಕೆ ನಮ್ಮ ಕಕ್ಷಿದಾರನ ಹೆಂಡತಿಯೇ ಅಲ್ಲ, ಮೊದಲನೇ ಮದುವೆ ಕಾನೂನು ಪ್ರಕಾರ ರದ್ದಾಗಿಲ್ಲ, ಆದ್ದರಿಂದ ಈ ಮದುವೆಯೇ ಅನೂರ್ಜಿತ" ಅಂದ್ರು. ಮದುವೆ ಆಗುವಾಗ ಆ ಕಾಗದ ನೋಡಿಯೇ ಒಪ್ಕೊಂಡಿದ್ದ ಮನುಷ್ಯ ಈಗ ಅದೇ ಕಾಗದ ಸುಳ್ಳು ಅಂತಿದಾನೆ. ಕಾನೂನಿನ ಕಣ್ಣಲ್ಲಿ ಅವನ ಮಾತಲ್ಲಿ ಹುರುಳಿದೆ ಅನ್ನೋದೇ ನೋವಿನ ವಿಷಯ.

ಇಂಥ ಹೆಣ್ಮಕ್ಕಳಿಗೆ ಒಂದು ಆಸರೆ ಈಗ ಸಿಕ್ಕಿದೆ, ಅದು ಗೊತ್ತಿರಲಿ ಅಂತ ಹೇಳ್ತೀನಿ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೆಲಂಗಾಣದ ಒಂದು ಕೇಸಲ್ಲಿ, ಮೊದಲ ಗಂಡನಿಂದ ಬರೀ ಒಪ್ಪಂದ ಪತ್ರದ ಮೂಲಕ ಬೇರೆಯಾಗಿದ್ದ ಹೆಂಗಸಿಗೆ, ಅದು ಗೊತ್ತಿದ್ದೂ ಮದುವೆಯಾದ ಎರಡನೇ ಗಂಡ ಜೀವನಾಂಶ ಕೊಡಲೇಬೇಕು ಅಂತ ಹೇಳಿದೆ. ಮಕ್ಕಳ ವಿಷಯದಲ್ಲೂ ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದೆ, ಅನೂರ್ಜಿತ ಮದುವೆಯಲ್ಲಿ ಹುಟ್ಟಿದ ಮಕ್ಕಳೂ ಕಾನೂನುಬದ್ಧ ಮಕ್ಕಳೇ, ಅಪ್ಪನ ಸ್ವಂತ ಆಸ್ತಿ ಮಾತ್ರ ಅಲ್ಲ, ಪಿತ್ರಾರ್ಜಿತದಲ್ಲಿ ಅಪ್ಪನ ಪಾಲಿಗೆ ಬರೋದರಲ್ಲೂ ಅವರಿಗೆ ಹಕ್ಕಿದೆ ಅಂತ. ಆದ್ರೆ ಇದನ್ನೆಲ್ಲಾ ಪಡ್ಕೊಳ್ಳೋಕೆ ಕೋರ್ಟಲ್ಲಿ ಎಷ್ಟು ವಾಯಿದೆ ಓಡಾಡಬೇಕು? ಗಂಡ ಸರ್ಕಾರಿ ನೌಕರ ಆಗಿದ್ದು ತೀರಿಹೋದ ಅಂತಿಟ್ಕೊಳ್ಳಿ, ಪಿಂಚಣಿ ಕಾಗದ ಮಾಡಿಸೋಕೆ ಹೋದಾಗ ಮೊದಲ ಮದುವೆ ಮುರಿದ ಕೋರ್ಟಿನ ಡಿಕ್ರಿ ಎಲ್ಲಿ ಅಂತ ಕೇಳ್ತಾರೆ, ಅಲ್ಲಿ ನೋಟರಿ ಸೀಲು ನಡೆಯಲ್ಲ.

ಗಂಡಸರಿಗೂ ಹೇಳಬೇಕು. ಕಾಗದ ಆಗಿದೆ ಅಂತ ಧೈರ್ಯದಿಂದ ಬೇರೆ ಮದುವೆ ಆಗ್ತಾರಲ್ಲ, ಅದು ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ ಅಪರಾಧ, ಏಳು ವರ್ಷದವರೆಗೆ ಶಿಕ್ಷೆ, ಮೊದಲ ಮದುವೆ ಮುಚ್ಚಿಟ್ಟಿದ್ರೆ ಹತ್ತು ವರ್ಷದವರೆಗೆ. ಹಿಂದೆ ಐಪಿಸಿ 494, 495 ಅಂತ ಇದ್ದಿದ್ದೇ ಇದು, 2024ರ ಜುಲೈ 1ರಿಂದ ಕಾಯ್ದೆ ಹೆಸರು ನಂಬರು ಬದಲಾಗಿದೆ. ಇದರಲ್ಲಿ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಿ ಹಿಡ್ಕೊಂಡು ಹೋಗೋ ಹಾಗಿಲ್ಲ, ನೊಂದ ಹೆಂಡತಿಯೋ ಅವಳ ಪರವಾಗಿ ತಂದೆ ತಾಯಿ ಅಣ್ಣ ತಮ್ಮಂದಿರೋ ಕೋರ್ಟಲ್ಲಿ ಖಾಸಗಿ ದೂರು ಹಾಕಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಯಾರೋ ಮಧ್ಯವರ್ತಿ ಹೆದರಿಸಿದ ಅಂತ ದುಡ್ಡು ಕೊಟ್ಟು ಕೂತಿದಾರೆ.

ಪರಸ್ಪರ ಒಪ್ಪಿಗೆ ಇದ್ದೋರಿಗೆ ಸರಿಯಾದ ದಾರಿ ಅಷ್ಟೇನೂ ಕಷ್ಟದ್ದಲ್ಲ. ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಂ ಅಂತ ಅರ್ಜಿ. ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು, ಇಬ್ಬರೂ ಸೇರಿ ಅರ್ಜಿ ಹಾಕಬೇಕು, ಆರು ತಿಂಗಳಾದ್ಮೇಲೆ ಮತ್ತೆ ಹೋಗಿ ಹೌದು ಅನ್ನಬೇಕು. ಆ ಆರು ತಿಂಗಳನ್ನೂ ಸಂದರ್ಭ ನೋಡಿ ಕೋರ್ಟು ಬಿಡಬಹುದು ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಫ್ಯಾಮಿಲಿ ಕೋರ್ಟ್ ಇರೋ ಕಡೆ ಅಲ್ಲಿ, ಇಲ್ಲದ ಕಡೆ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಲ್ಲಿ. ಹೆಣ್ಣು ತಾನು ಈಗ ಇರೋ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು, ಗಂಡನ ಊರಿಗೆ ಹೋಗಬೇಕು ಅಂತಿಲ್ಲ. ಯಜಮಾನರು ಮಾಡಿಸಿದ ಕೊಡುಕೊಳ್ಳೋ ಮಾತನ್ನೇ ಅದರಲ್ಲಿ ಬರೆಸಿದ್ರೆ ಅದಕ್ಕೆ ಕೋರ್ಟಿನ ಬಲ ಬರುತ್ತೆ. ನೋಟರಿಗೆ, ಟೈಪಿಸ್ಟಿಗೆ, ಕರ್ಕೊಂಡು ಬಂದ ಯಜಮಾನರ ಊಟ ತಿಂಡಿಗೆ ಅಂತ ಆಗೋ ಖರ್ಚು ಲೆಕ್ಕ ಹಾಕಿದ್ರೆ ಕೋರ್ಟಲ್ಲಿ ಮಾಡೋದೇನೂ ಹೆಚ್ಚಿಲ್ಲ, ಸಮಿತಿಯ ವಕೀಲರಾದ್ರೆ ಹೆಣ್ಣಿಗೆ ಫೀಸೇ ಇಲ್ಲ.

ಇನ್ನು ಆ ಕಾಗದದಲ್ಲಿ "ಜೀವನಾಂಶ ಕೇಳತಕ್ಕದ್ದಲ್ಲ" ಅನ್ನೋ ಸಾಲಿದೆಯಲ್ಲ, ಅದರ ಬಗ್ಗೆ ಎಲ್ಲಾ ಹೆಣ್ಮಕ್ಕಳೂ ಕೇಳಿಸ್ಕೊಳ್ಳಿ. ಜೀವನಾಂಶದ ಹಕ್ಕನ್ನ ಹಾಗೆ ಬರೆದುಕೊಟ್ಟು ಕಳ್ಕೊಳ್ಳೋಕಾಗಲ್ಲ ಅಂತ ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ, ಮಗುವಿನ ಹಕ್ಕಂತೂ ಅಪ್ಪ ಅಮ್ಮ ಸೇರಿ ಬರೆದುಕೊಡೋದಕ್ಕೆ ಬರೋದೇ ಇಲ್ಲ. ಆದ್ರೆ ಆ ಕಾಗದ ಸುಮ್ನೆ ಇರಲ್ಲ. ಪರಸ್ಪರ ಒಪ್ಪಿ ಬೇರೆ ಇರೋ ಹೆಂಡತಿಗೆ ಜೀವನಾಂಶ ಇಲ್ಲ ಅಂತ ಕಾನೂನಲ್ಲಿ ಒಂದು ಮಾತಿದೆ, ಗಂಡನ ಕಡೆಯೋರು ಈ ಕಾಗದ ಹಾಜರು ಮಾಡಿ ನೋಡಿ ಸ್ವಾಮಿ ಒಪ್ಪಿಯೇ ಹೋಗಿದಾಳೆ ಅಂತ ವಾದ ಮಾಡ್ತಾರೆ, ಅದನ್ನ ಎದುರಿಸೋಕೆ ಇವಳು ಹೊಡೆತ ಬಡಿತ ಎಲ್ಲಾ ಮೊದಲಿಂದ ಸಾಬೀತು ಮಾಡಬೇಕಾಗುತ್ತೆ. ಒತ್ತಾಯಕ್ಕೆ ಹಾಕಿದ ಒಂದು ಹೆಬ್ಬೆಟ್ಟು ವರ್ಷಾನುಗಟ್ಟಲೆ ಕಾಡುತ್ತೆ.

ಜೀವನಾಂಶದ ಅರ್ಜಿ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಹಳೇ ಸಿಆರ್‌ಪಿಸಿಯ 125. ಮಧ್ಯಂತರ ಜೀವನಾಂಶದ ಅರ್ಜಿಯನ್ನ ಎದುರುಪಾರ್ಟಿಗೆ ನೋಟಿಸ್ ಮುಟ್ಟಿದ 60 ದಿನದೊಳಗೆ ಆದಷ್ಟು ಮುಗಿಸಬೇಕು ಅಂತ ಅದರಲ್ಲೇ ಇದೆ. ಇಬ್ಬರೂ ತಮ್ಮ ಆದಾಯ ಆಸ್ತಿ ಸಾಲದ ಲೆಕ್ಕ ಅಫಿಡವಿಟ್ ಹಾಕಬೇಕು, ಅರ್ಜಿ ಹಾಕಿದ ತಾರೀಖಿನಿಂದಲೇ ಹಣ ಲೆಕ್ಕ ಆಗಬೇಕು ಅಂತ ಸುಪ್ರೀಂ ಕೋರ್ಟಿನ 2020ರ ರಜನೀಶ್ ನೇಹಾ ತೀರ್ಪು ಹೇಳುತ್ತೆ. ನನಗೆ ಕೆಲಸವೇ ಇಲ್ಲ ಅಂತ ಹೇಳೋ ಗಂಡಂದಿರು ಬಹಳ. ಮೈಯಲ್ಲಿ ಶಕ್ತಿ ಇರೋ ಗಂಡಸು ಕೂಲಿ ಮಾಡಿಯಾದ್ರೂ ಹೆಂಡತಿ ಮಕ್ಕಳನ್ನ ಸಾಕಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಆ ಮಾತು ನನಗೆ ಬಹಳ ಹಿಡಿಸ್ತು. ಆದ್ರೆ ಆರ್ಡರ್ ಆದ್ಮೇಲೆ ವಸೂಲಿ ಇದೆಯಲ್ಲ ಅದೇ ದೊಡ್ಡ ಹೋರಾಟ. ಕೊಡದೇ ಇದ್ರೆ ಬಾಕಿಗೆ ವಾರಂಟ್ ಹಾಕಿಸಬೇಕು, ನಮ್ಮ ಕೋರ್ಟಲ್ಲಿ ಎಫ್‌ಎಲ್‌ಡಬ್ಲ್ಯೂ, ಅಂದ್ರೆ ಫೈನ್ ಲೆವಿ ವಾರಂಟ್ ಅಂತಾರೆ. ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ರೆ ಆ ಬಾಕಿಗೆ ಈ ವಾರಂಟ್ ಸಿಗಲ್ಲ! "ಇವತ್ತು ಕೊಡ್ತಾನೆ ನಾಳೆ ಕೊಡ್ತಾನೆ" ಅಂತ ಕಾದು ಕಾದು ವರ್ಷ ದಾಟಿಸ್ಕೊಂಡು ಬರೋ ಹೆಣ್ಮಕ್ಕಳನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಈ ಒಂದು ಸಾಲನ್ನಾದ್ರೂ ದಯವಿಟ್ಟು ದಪ್ಪ ಅಕ್ಷರದಲ್ಲಿ ಹಾಕಿ ಸಂಪಾದಕರೇ.

ಮುಸ್ಲಿಂ ಹೆಣ್ಮಕ್ಕಳಿಗೂ ಇದೇ ಅರ್ಜಿ ಇದೆ, ತಲಾಖ್ ಆಗಿದ್ರೂ ಕೇಳಬಹುದು ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮಗಿಲ್ಲ ಅಂತ ಬರದೇ ಇರೋರು ಇದಾರೆ, ಬನ್ನಿ.

ಈಗ ಠಾಣೆ ವಿಷಯಕ್ಕೆ ಬರ್ತೀನಿ. ಗಂಡ ಹೆಂಡತಿ ಜಗಳ ಠಾಣೆಗೆ ಹೋದ್ರೆ ಪೊಲೀಸರು ಎರಡೂ ಕಡೆ ಕರೆಸಿ ಮಾತಾಡಿಸೋದು ತಪ್ಪೇನಲ್ಲ, ಇಂಥ ಸಂಸಾರದ ವಿಷಯದಲ್ಲಿ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದು ಅಂತ ಸುಪ್ರೀಂ ಕೋರ್ಟಿನ 2013ರ ಲಲಿತಾ ಕುಮಾರಿ ತೀರ್ಪಲ್ಲೇ ಇದೆ. ಒಳ್ಳೆ ಸಬ್ ಇನ್ಸ್‌ಪೆಕ್ಟರ್‌ಗಳು ಬುದ್ಧಿ ಹೇಳಿ ಕಳಿಸಿ ಸಂಸಾರ ಉಳಿದಿರೋದನ್ನೂ ಕಂಡಿದೀನಿ, ಇಲ್ಲ ಅನ್ನಲ್ಲ. ನನ್ನ ತಕರಾರು ಮುಚ್ಚಳಿಕೆ ಬಗ್ಗೆ. ಬಿಳಿ ಹಾಳೆಯಲ್ಲಿ "ಇನ್ನು ಮುಂದೆ ಚೆನ್ನಾಗಿ ನೋಡಿಕೊಳ್ಳುತ್ತೇನೆ" ಅಂತ ಅವನ ಕೈಲಿ, "ದೂರಿನ ಮೇಲೆ ಯಾವುದೇ ಕ್ರಮ ಬೇಡ" ಅಂತ ಇವಳ ಕೈಲಿ ಬರೆಸ್ಕೊಂಡು, ದೂರು ಮುಗೀತು ಅಂತ ಹಿಂಬರಹ ಕೊಟ್ಟು ಕಳಿಸಿಬಿಡೋದು. ಮತ್ತೆ ಹೊಡೆತ ತಿಂದು ಅವಳು ಬಂದ್ರೆ "ನೀನೇ ಬರೆದುಕೊಟ್ಟಿದೀಯಲ್ಲಮ್ಮ" ಅಂತಾರೆ. ಆ ಮುಚ್ಚಳಿಕೆ ಅವನನ್ನ ಕಟ್ಟಿಹಾಕಲ್ಲ, ಅವಳ ಬಾಯಿ ಮಾತ್ರ ಕಟ್ಟುತ್ತೆ.

ಇನ್ನೊಂದು ತೊಂದರೆ ಎಫ್‌ಐಆರ್ ಆದ್ಮೇಲಿನದು, ಇದರಲ್ಲಿ ಗಂಡುಮಕ್ಕಳೇ ಹೆಚ್ಚು ಸಿಕ್ಕಿಹಾಕ್ಕೊಳ್ಳೋದು. ವರದಕ್ಷಿಣೆ ಕಿರುಕುಳದ ಕೇಸು ದಾಖಲಾಗಿರುತ್ತೆ, ಐಪಿಸಿಯ ಹಳೇ 498-ಎ, ಈಗಿನ ನ್ಯಾಯ ಸಂಹಿತೆಯ 85ನೇ ಕಲಂ. ಆಮೇಲೆ ಹಿರಿಯರು ಕೂತು ರಾಜಿ ಮಾಡಿಸ್ತಾರೆ, ಇಬ್ಬರೂ ಠಾಣೆಗೆ ಹೋಗಿ ರಾಜಿ ಆಗಿದೀವಿ ಅಂತ ಬರೆದುಕೊಟ್ಟು ಬರ್ತಾರೆ, ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾನೆ, ಬಾಡಿಗೆ ಮನೆ ಬದಲಾಗುತ್ತೆ, ಫೋನ್ ನಂಬರ್ ಬದಲಾಗುತ್ತೆ. ಆದ್ರೆ ಈ ಕೇಸು ನಮ್ಮ ರಾಜ್ಯದಲ್ಲಿ ಠಾಣೇಲಿ ರಾಜಿ ಆಗೋ ಅಂಥದ್ದಲ್ಲ, ಕೆಳಗಿನ ಕೋರ್ಟಲ್ಲೂ ಸುಮ್ಮನೆ ರಾಜಿ ಅರ್ಜಿ ಹಾಕಿ ಮುಗಿಸೋಕಾಗಲ್ಲ, ರದ್ದು ಮಾಡಿಸಬೇಕಂದ್ರೆ ಹೈಕೋರ್ಟಿಗೇ ಹೋಗಬೇಕು. ಇತ್ತ ಪೊಲೀಸರು ತನಿಖೆ ಮುಗಿಸಿ ಚಾರ್ಜ್‌ಶೀಟ್ ಹಾಕಿರ್ತಾರೆ. ಸಮನ್ಸ್ ಹಳೇ ವಿಳಾಸಕ್ಕೆ ಹೋಗುತ್ತೆ, ಯಾರೂ ಇಲ್ಲ ಅಂತ ವಾಪಸ್ ಬರುತ್ತೆ, ಆಮೇಲೆ ವಾರಂಟು, ಆಮೇಲೆ ಜಾಮೀನುರಹಿತ ವಾರಂಟು. ಹುಡುಗ ಹಬ್ಬಕ್ಕೆ ಅಂತ ಊರಿಗೆ ಬಂದಿರ್ತಾನೆ, ಸಂಜೆ ಪೊಲೀಸರು ಮನೆ ಬಾಗಿಲಿಗೆ. ಅವನ ಜೊತೆ ರಾಜಿಯಾಗಿ ಸಂಸಾರ ಮಾಡ್ತಿರೋ ಹೆಂಡತಿಯೇ ಮಗು ಎತ್ಕೊಂಡು ಬಿಡಿ ಸಾರ್ ಬಿಡಿ ಸಾರ್ ಅಂತ ಜೀಪಿನ ಹಿಂದೆ ಓಡ್ತಾಳೆ. ಬಿಡೋ ಅಧಿಕಾರ ಅವರಿಗೂ ಇರಲ್ಲ, ಅದು ಕೋರ್ಟಿನ ವಾರಂಟು.

ಅದಕ್ಕೇ ಹೇಳೋದು, ಒಂದು ಸಲ ಎಫ್‌ಐಆರ್ ಆಯ್ತು ಅಂದ್ರೆ ಕ್ರೈಂ ನಂಬರ್ ಬರೆದಿಟ್ಕೊಳ್ಳಿ, ಅದು ಬಿ ರಿಪೋರ್ಟ್ ಆಯ್ತಾ, ಅಂದ್ರೆ ಆರೋಪಕ್ಕೆ ಆಧಾರ ಸಿಗಲಿಲ್ಲ ಅಂತ ಪೊಲೀಸರು ಕೇಸು ಮುಗಿಸೋಕೆ ವರದಿ ಹಾಕಿದ್ರಾ, ಚಾರ್ಜ್‌ಶೀಟ್ ಆಗಿ ಕೋರ್ಟಲ್ಲಿ ನಂಬರ್ ಆಯ್ತಾ ಅಂತ ವಿಚಾರಿಸ್ತಾ ಇರಿ. ಮೊಬೈಲಲ್ಲಿ ಇ-ಕೋರ್ಟ್ಸ್ ಆ್ಯಪ್ ಇದೆ, ಪಾರ್ಟಿ ಹೆಸರು ಹಾಕಿದ್ರೂ ಕೇಸು ಯಾವ ಹಂತದಲ್ಲಿದೆ ಮುಂದಿನ ಡೇಟು ಯಾವಾಗ ಅಂತ ಬರುತ್ತೆ, ದುಡ್ಡು ಕೊಡಬೇಕಿಲ್ಲ. ವಾರಂಟ್ ಆಗಿದೆ ಅಂತ ಗೊತ್ತಾದ್ರೆ ತಲೆ ತಪ್ಪಿಸ್ಕೊಂಡು ತಿರುಗೋದಲ್ಲ, ವಕೀಲರ ಜೊತೆ ತಾನಾಗೇ ಕೋರ್ಟಿಗೆ ಹಾಜರಾಗಿ ವಾರಂಟ್ ವಾಪಸ್ ತಗೊಳ್ಳಿ ಅಂತ ರೀಕಾಲ್ ಅರ್ಜಿ ಹಾಕೋದು, ಬಹಳ ಸಲ ಕೋರ್ಟು ದಂಡ ಹಾಕಿಯೋ ಎಚ್ಚರಿಕೆ ಕೊಟ್ಟೋ ಬಿಡುತ್ತೆ. ಹಿಡ್ಕೊಂಡು ಬಂದ ಮೇಲೆ ಅಷ್ಟು ಸುಲಭ ಅಲ್ಲ.

ಠಾಣೆಯಿಂದ ಫೋನ್ ಬಂದ್ರೆ ಏನು ಮಾಡಬೇಕು ಅಂತ ಕೇಳೋರು ದಿನಾ ಬರ್ತಾರೆ, ಅದನ್ನೂ ಹೇಳಿಬಿಡ್ತೀನಿ. ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಎಫ್‌ಐಆರ್ ಆಯ್ತು ಅಂದ ಮಾತ್ರಕ್ಕೆ ಹಿಡ್ಕೊಂಡು ಹೋಗೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪಲ್ಲೇ ಇದೆ, ಅದೂ 498-ಎ ಕೇಸೇ. ಬಂಧನ ಬೇಡ ಅನ್ನಿಸಿದಾಗ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ಕೆಳಗೆ ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು. ವಾಟ್ಸಾಪಲ್ಲಿ ಕಳಿಸಿದ್ರೆ ಆಗಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸ್ ಕೊಟ್ಟ ಮೇಲೆ ಹೋಗಲೇಬೇಕು, ಹೋಗದಿದ್ರೆ ಅದೇ ಬಂಧನಕ್ಕೆ ಕಾರಣ ಆಗುತ್ತೆ, ಇದನ್ನ ಜನ ಮರೀತಾರೆ. ಹೋಗುವಾಗ ಆ ನೋಟಿಸಿನ ಜೆರಾಕ್ಸ್ ಇಟ್ಕೊಳ್ಳಿ. ಬಂಧಿಸಿದ್ರೆ ಯಾಕೆ ಬಂಧಿಸಿದ್ದು ಅಂತ ಕಾರಣ ತಿಳಿಸಬೇಕು, ಮನೆಯೋರಿಗೆ ಹೇಳಬೇಕು, ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು, ವಿಚಾರಣೆ ಹೊತ್ತಲ್ಲಿ ವಕೀಲರನ್ನ ಕಾಣೋ ಹಕ್ಕಿದೆ. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನ ಬಂಧಿಸೋ ಹಾಗಿಲ್ಲ, ತೀರಾ ಅಪರೂಪದ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟ್ ಅನುಮತಿ ತಗೊಂಡು ಮಹಿಳಾ ಅಧಿಕಾರಿಯೇ ಮಾಡಬೇಕು. ಬರೀ ಸಾಕ್ಷಿ ಹೇಳಿಕೆಗೆ ಅಂದ್ರೆ ಹೆಂಗಸರನ್ನ, 60 ದಾಟಿದೋರನ್ನ ಠಾಣೆಗೆ ಕರೆಸೋ ಹಾಗಿಲ್ಲ, ಅವರೇ ಮನೆಗೆ ಬರಬೇಕು.

ಜಾಮೀನು ಸಿಕ್ಕಿಯೂ ಜೈಲಲ್ಲೇ ಇರೋರ ವಿಷಯ ಇನ್ನೂ ಬೇಜಾರಿನದು. ಶೂರಿಟಿಗೆ ಪಹಣಿ ಇರೋರು ಬೇಕು, ಬಡವನಿಗೆ ಯಾರು ಪಹಣಿ ತಂದು ನಿಲ್ತಾರೆ ಹೇಳಿ. ಜಾಮೀನು ಆರ್ಡರ್ ಆಗಿ ಏಳು ದಿನದೊಳಗೆ ಬಿಡುಗಡೆ ಆಗಿಲ್ಲ ಅಂದ್ರೆ ಜೈಲಿನ ಅಧಿಕಾರಿಗಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದ್ರೂ ಶೂರಿಟಿ ಕೊಡಕ್ಕಾಗದಿದ್ರೆ ಷರತ್ತು ಸಡಿಲ ಮಾಡೋದನ್ನ ಕೋರ್ಟೇ ಯೋಚಿಸಬಹುದು ಅಂತ 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿದೆ. ಮನೆಯೋರು ಸುಮ್ಮನೆ ಅಳ್ತಾ ಕೂರದೆ ಪ್ರಾಧಿಕಾರದ ಆಫೀಸಿಗೆ ಒಂದು ಬಿಳಿ ಹಾಳೆ ಅರ್ಜಿ ಕೊಟ್ರೆ ಸಾಕು.

498-ಎ ಬಗ್ಗೆ ಈಗ ಎಲ್ಲಾ ಕಡೆ ಜಗಳ. ಫೇಸ್‌ಬುಕ್ಕಲ್ಲಿ ಒಂದು ಗುಂಪು ಎಲ್ಲಾ ಕೇಸೂ ಸುಳ್ಳು ಅಂತಾರೆ, ಇನ್ನೊಂದು ಗುಂಪು ಸುಳ್ಳು ಅನ್ನೋದೇ ಇಲ್ಲ ಅಂತಾರೆ. ಟೇಬಲ್ ಮುಂದೆ ಕೂತು ನೋಡಿದೋಳಾಗಿ ಹೇಳ್ತೀನಿ, ಸುಟ್ಟ ಗಾಯ ಸೆರಗಲ್ಲಿ ಮುಚ್ಕೊಂಡು ಬರೋರು ನಿಜ, ಅದೇ ಹೊತ್ತಿಗೆ ದೂರು ಬರೆಯುವಾಗ ದೂರದೂರಲ್ಲಿ ಸಂಸಾರ ಮಾಡ್ಕೊಂಡಿರೋ ನಾದಿನಿ, ಹಾಸಿಗೆ ಹಿಡಿದಿರೋ ಅತ್ತೆ, ಡಿಗ್ರಿ ಓದ್ತಿರೋ ಮೈದುನ ಎಲ್ಲರ ಹೆಸರನ್ನೂ ಸೇರಿಸಿಬಿಡೋದೂ ನಿಜ. ಹೆಸರು ಸೇರಿಸೋಕೆ ಹೇಳೋದು ಆ ಹೆಣ್ಣಲ್ಲ, ಪಕ್ಕದಲ್ಲಿ ನಿಂತ ಬುದ್ಧಿವಂತರು, "ಎಲ್ಲರನ್ನೂ ಹಾಕು, ಆಗ ಬಗ್ತಾರೆ" ಅಂತ. ಏನಾಗುತ್ತೆ ಗೊತ್ತಾ, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಯಾರು ಏನು ಮಾಡಿದ್ರು ಅಂತ ನಿರ್ದಿಷ್ಟವಾಗಿ ಹೇಳದೆ ಗಂಡನ ಮನೆಯೋರೆಲ್ಲರ ಮೇಲೂ ಹಾಕೋ ಆರೋಪ ಮೊದಲ ಹಂತದಲ್ಲೇ ಕೈಬಿಡಬೇಕು ಅಂತ, ನಿಜವಾಗಿ ನೊಂದ ಹೆಂಗಸರು ಸುಮ್ಮನಿರಬೇಕು ಅಂತ ಇದರ ಅರ್ಥ ಅಲ್ಲ ಅಂತಲೂ ಅದರಲ್ಲೇ ಹೇಳಿದೆ. ಎಲ್ಲರನ್ನೂ ಸೇರಿಸಿದ ದೂರಲ್ಲಿ ನಿಜವಾಗಿ ಹೊಡೆದೋನೂ ಅವರ ಮಧ್ಯೆ ಬಚಾವಾಗ್ತಾನೆ. ಆದ್ದರಿಂದ ದೂರು ಬರೆಯುವಾಗ ಯಾವತ್ತು, ಎಲ್ಲಿ, ಯಾರು, ಏನು ಮಾಡಿದ್ರು, ಯಾವ ಆಸ್ಪತ್ರೆಗೆ ತೋರಿಸಿದ್ದು, ಇಷ್ಟು ಬರೆಯಿರಿ. ಆಸ್ಪತ್ರೆಯ ಓಪಿಡಿ ಚೀಟಿ ಹರಿದು ಬಿಸಾಕಬೇಡಿ, ಕೋರ್ಟಲ್ಲಿ ಆ ಚೀಟಿಗೆ ಇರೋ ಬೆಲೆ ಹತ್ತು ಜನ ನೆಂಟರ ಸಾಕ್ಷಿಗಿಲ್ಲ.

ಜೈಲಿಗೆ ಕಳಿಸೋದು ಬೇಡ, ಹೊಡೆಯೋದು ನಿಂತು ತಲೆ ಮೇಲೆ ಸೂರು ಉಳಿದ್ರೆ ಸಾಕು ಅನ್ನೋರೇ ಬಹಳ ಜನ ಇರೋದು. ಅವರಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಠಾಣೆಗೆ ಹೋಗಲೇಬೇಕಿಲ್ಲ. ನಮ್ಮ ರಾಜ್ಯದಲ್ಲಿ ಸಿಡಿಪಿಓ ಅಂತಾರಲ್ಲ, ಅಂಗನವಾಡಿಗಳನ್ನ ನೋಡ್ಕೊಳ್ಳೋ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅವರೇ ಇದಕ್ಕೆ ಸಂರಕ್ಷಣಾಧಿಕಾರಿ. ಅವರ ಆಫೀಸಲ್ಲಿ ಹೇಳಿದ್ರೆ ಅವರೇ ವರದಿ ಬರೆದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಳಿಸ್ತಾರೆ. ಮನೆ ಅತ್ತೆ ಹೆಸರಲ್ಲಿರಲಿ ಮಾವನ ಹೆಸರಲ್ಲಿರಲಿ, ಆಚೆ ಹಾಕದ ಹಾಗೆ ಆದೇಶ ಸಿಗುತ್ತೆ, ಖರ್ಚಿಗೆ ಹಣ, ಮಗುವನ್ನ ತಾತ್ಕಾಲಿಕವಾಗಿ ತನ್ನ ಹತ್ರ ಇಟ್ಕೊಳ್ಳೋ ಆದೇಶ ಎಲ್ಲಾ ಒಂದೇ ಅರ್ಜಿಯಲ್ಲಿ ಕೇಳಬಹುದು. ಆ ಆದೇಶ ಮುರಿದ್ರೆ ಮಾತ್ರ ಕ್ರಿಮಿನಲ್ ಕೇಸು. ಅಂಗನವಾಡಿ ಟೀಚರ್‌ಗಳು ಮನೆ ಮನೆಗೂ ಗೊತ್ತಿರೋರು, ಅವರ ಆಫೀಸಲ್ಲೇ ಇಂಥ ಅಧಿಕಾರ ಇದೆ ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ ಅಂದ್ರೆ ಎಷ್ಟು ದುಃಖದ ವಿಷಯ. ಆ ಅಧಿಕಾರಿಗಳಿಗೂ ಪಾಪ ಪೌಷ್ಟಿಕ ಆಹಾರ, ಮೀಟಿಂಗು, ವರದಿ ಅಂತ ನೂರೆಂಟು ಕೆಲಸ, ಈ ಕೆಲಸಕ್ಕೆ ಅಂತ ಬೇರೆ ಜನ ಕೊಡದಿದ್ರೆ ಅವರಾದ್ರೂ ಏನು ಮಾಡ್ತಾರೆ.

ಉಚಿತ ವಕೀಲರ ಬಗ್ಗೆ ಒಂದು ಮಾತು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದೋರು, ಅಂಗವಿಕಲರು, ಬಂಧನದಲ್ಲಿ ಇರೋರು, ಇವರು ಯಾರಿಗೂ ಆದಾಯದ ಮಿತಿ ಇಲ್ಲದೆ ವಕೀಲರನ್ನ ಕೊಡ್ತಾರೆ. ಫ್ರೀ ಅಂದ್ರೆ ಚೆನ್ನಾಗಿ ನಡೆಸಲ್ಲ ಅನ್ನೋ ಮಾತು ಜನರಲ್ಲಿ ಗಟ್ಟಿಯಾಗಿ ಕೂತಿದೆ. ಎಲ್ಲರೂ ಒಂದೇ ಥರ ಇರಲ್ಲ, ಹಾಗಂತ ಸಾಲ ಮಾಡಿ ವಕೀಲರಿಗೆ ಕೊಟ್ಟು ಅರ್ಧದಲ್ಲಿ ಕೇಸು ಕೈಬಿಟ್ಟೋರನ್ನೂ ನಾನು ನೋಡಿದೀನಿ. ಸಮಿತಿಯ ವಕೀಲರು ಸರಿಯಾಗಿ ನೋಡ್ತಿಲ್ಲ ಅನ್ನಿಸಿದ್ರೆ ಬದಲಿಸಿಕೊಡಿ ಅಂತ ಅರ್ಜಿ ಕೊಡಬಹುದು, ಅವರೇನಾದ್ರೂ ಫೀಸು ಕೇಳಿದ್ರೆ ಅದನ್ನೂ ದೂರು ಕೊಡಬಹುದು.

ಸರ್ಕಾರಕ್ಕೆ ಮತ್ತು ಇಲಾಖೆಯೋರಿಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಇ-ಸ್ಟಾಂಪ್ ಕೊಡೋ ಪ್ರತಿ ಕೌಂಟರಲ್ಲೂ, ಪ್ರತಿ ನೋಟರಿ ಆಫೀಸಲ್ಲೂ "ಇಲ್ಲಿ ಮಾಡಿಸಿದ ಕಾಗದದಿಂದ ವಿಚ್ಛೇದನ ಆಗುವುದಿಲ್ಲ" ಅಂತ ಕನ್ನಡದಲ್ಲಿ ಒಂದು ಬೋರ್ಡು ಹಾಕಿಸಿ. ಠಾಣೆಗಳಲ್ಲಿ ಸಂಸಾರದ ಜಗಳದ ಪಿಟಿಷನ್ ಬಂದ ದಿನವೇ ಒಂದು ಪ್ರತಿ ಸಿಡಿಪಿಓಗೂ ಒಂದು ಪ್ರತಿ ತಾಲ್ಲೂಕು ಕಾನೂನು ಸೇವಾ ಸಮಿತಿಗೂ ಹೋಗೋ ಹಾಗೆ ಮಾಡಿ, ಬಿಳಿ ಹಾಳೆ ಮುಚ್ಚಳಿಕೆ ಬರೆಸೋದು ನಿಲ್ಲಲಿ. ರಾಜಿ ಆಗೋದಿದ್ರೆ ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದಲ್ಲಿ ಆಗಲಿ, ಅಲ್ಲಿ ಬರೆದಿದ್ದನ್ನ ಕೋರ್ಟು ದಾಖಲು ಮಾಡ್ಕೊಂಡ್ರೆ ಅದಕ್ಕೆ ಬೆಲೆ ಇರುತ್ತೆ. ಊರಿನ ಯಜಮಾನರು ಬೇಡ ಅಂತ ನಾನು ಹೇಳ್ತಿಲ್ಲ, ಅವರು ಮಾತು ಆಡಿಸಲಿ, ಒಪ್ಪಿಸಲಿ, ಆಮೇಲೆ ಕೋರ್ಟಿಗೇ ಕರ್ಕೊಂಡು ಬರಲಿ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ವಾರಕ್ಕೊಂದು ದಿನ, ಭವಿಷ್ಯ ಹಾಕೋ ಪುಟದಲ್ಲಾದ್ರೂ ಸರಿ, ಈ ನಂಬರುಗಳನ್ನ ಹಾಕಿ: ಉಚಿತ ಕಾನೂನು ನೆರವಿಗೆ 15100, ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಜೊತೆಗೆ ಓದುಗರು ಕಳಿಸೋ ಇಂಥ ಪ್ರಶ್ನೆಗಳಿಗೆ ಒಬ್ಬ ವಕೀಲರಿಂದ ಆಡುಮಾತಲ್ಲಿ ಉತ್ತರ ಬರೆಸಿ. ಮೊದಲನೇ ವಾರಕ್ಕೆ ಪ್ರಶ್ನೆ ನಾನೇ ಕಳಿಸ್ತೀನಿ, ಜೀವನಾಂಶದ ಬಾಕಿಗೆ ವಾರಂಟ್ ಹಾಕಿಸಿಯೂ ಗಂಡ ಊರು ಬಿಟ್ಟು ಹೋಗಿದ್ರೆ ಆ ಹೆಣ್ಣು ಮುಂದೆ ಯಾವ ಅರ್ಜಿ, ಎಲ್ಲಿ ಹಾಕಬೇಕು ಅನ್ನೋದು. ಇದನ್ನ ಕೇಳ್ಕೊಂಡು ನನ್ನ ಹತ್ರ ಬರೋರು ದಿನಾ ಇದಾರೆ.

ಇಂತಿ ನಿಮ್ಮ ಓದುಗರು,
ಒಬ್ಬ ಪ್ಯಾರಾ ಲೀಗಲ್ ವಾಲಂಟಿಯರ್
ತುಮಕೂರು ಜಿಲ್ಲೆ